ಊರಿನ ಪತ್ತು

ಅತಿಥಿಗಳು ಬಂದಾಗ ಸಣ್ಣ ಊರಿನವರಿಗೆ ಒಂದು ಕಷ್ಟವುಂಟು; ದೊಡ್ಡ ಊರಿನವರಿಗೆ ಅದಿಲ್ಲ. ಬೆಂಗಳೂರಿನವನು ಬಂದ ನೆಂಟನನ್ನು ಲಾಲ್‌ಬಾಗಿಗೆ ಕಳಿಸಿ, ವಿಧಾನಸೌಧದ ದಾರಿ ತೋರಿಸಿ, ತನ್ನ ಕೆಲಸಕ್ಕೆ ತಾನು ಹೋಗಬಲ್ಲ. ಸಣ್ಣ ಊರಿನವನು ತಾನೇ ಜೊತೆಗೆ ನಡೆಯಬೇಕು, ತಾನೇ ವಿವರಿಸಬೇಕು, ಕೊನೆಗೆ ‘ಇಷ್ಟ ಏನ್ರಿ?’ ಎಂಬ ಪ್ರಶ್ನೆಯನ್ನೂ ತಾನೇ ಎದುರಿಸಬೇಕು. ಅದಕ್ಕೆ ಉತ್ತರ ಹೊಳೆಯದೆ, ‘ಇಲ್ಲೇ ಸಮೀಪದಾಗ ಲಕ್ಕುಂಡಿ ಐತ್ರಿ, ನಡೀರಿ’ ಎಂದು ನೆಂಟನನ್ನು ಮೋಟಾರು ಹತ್ತಿಸಿಬಿಡುತ್ತಾನೆ. ಅತ್ತಿಮಬ್ಬೆ ಕಟ್ಟಿಸಿದ ಬಸದಿ ಅಲ್ಲಿದೆ, ಕಾಶಿವಿಶ್ವೇಶ್ವರನ ಕೆತ್ತನೆ ಇದೆ, ಮೆಟ್ಟಿಲ ಬಾವಿ ಇದೆ. ನೋಡಿದವನಿಗೆ ಮಾತು ಬೇಕಾಗುವುದಿಲ್ಲ. ಸ್ವಂತ ಊರಿನ ಮಾನವನ್ನು ಪಕ್ಕದ ಊರು ಕಾಯುತ್ತದೆ!

ಈ ಮಾತು ನಮ್ಮ ಗದುಗಿನದು. ಗದಗ-ಬೆಟಗೇರಿ ಎಂದು ಪುರಸಭೆಯ ಕಾಲದಿಂದಲೂ ಜೋಡಿ ಹೆಸರು. ಧಾರವಾಡ ಜಿಲ್ಲೆಯ ಒಂದು ತಾಲೂಕಾಗಿದ್ದ ಊರು 1997ರಲ್ಲಿ ತಾನೇ ಜಿಲ್ಲೆಯಾಯಿತು. ಆದರೂ ನಡಿಗೆ ಮಾತ್ರ ಇನ್ನೂ ತಾಲೂಕಿನದೇ. ನಾನಿರುವುದು ಅದಕ್ಕೆ ಹೊಂದಿದ ಮಲ್ಲಸಮುದ್ರದಲ್ಲಿ. ಹೆಸರು ಕೇಳಿ ಕರಾವಳಿಯ ಸ್ನೇಹಿತರು ನಗುತ್ತಾರೆ. ಬಯಲುಸೀಮೆಯಲ್ಲಿ ಸಮುದ್ರವೆಂದರೆ ಕೆರೆ. ಯಾವುದು ಕಡಿಮೆಯೋ ಅದಕ್ಕೆ ದೊಡ್ಡ ಹೆಸರಿಡುವುದು ಮನುಷ್ಯನ ಸ್ವಭಾವವಷ್ಟೆ. ನಳದ ನೀರಿಗಾಗಿ ದಿನಗಟ್ಟಲೆ ಕಾದು, ಬಂದ ದಿನ ಮನೆಯ ಕೊಡ, ಬಿಂದಿಗೆ, ಬ್ಯಾರಲುಗಳನ್ನೆಲ್ಲ ತುಂಬಿಸಿಡುವ ನಮ್ಮಂಥವರು ಕೆರೆಯನ್ನು ಸಮುದ್ರವೆಂದು ಕರೆದರೆ ತಪ್ಪೇನು?

ಮುಳಗುಂದದ ಹಾದಿ ನಮ್ಮ ಊರಿಗೆ ತಾಗಿಯೇ ಹೋಗುತ್ತದೆ. ಈಗ ಆ ಹಾದಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಎದ್ದು ನಿಂತಿದೆ. ಬಿಳಿಯ ಕೋಟು ತೊಟ್ಟ ಹುಡುಗ ಹುಡುಗಿಯರು ಚಹದ ಅಂಗಡಿಯ ಮುಂದೆ ಗುಂಪುಗೂಡುತ್ತಾರೆ. ಅದೇ ಹಾದಿಯಲ್ಲಿ ಮುಂದೆ ಹೋದರೆ ಸಿಕ್ಕುವ ಮುಳಗುಂದದಲ್ಲಿ 1112ರಲ್ಲಿ ನಯಸೇನ ಕವಿ ‘ಧರ್ಮಾಮೃತ’ವನ್ನು ಬರೆದು ಮುಗಿಸಿದ. ಕನ್ನಡಕ್ಕೆ ಸಂಸ್ಕೃತವನ್ನು ಬೆರೆಸುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಗೊಣಗಿದವನು ಅವನೇ. ಚಹದಂಗಡಿಯ ಹುಡುಗರು ಇಂಗ್ಲೀಷು, ಹಿಂದಿ, ಕನ್ನಡಗಳನ್ನು ಒಂದೇ ಬಾಣಲೆಗೆ ಸುರಿಯುವುದನ್ನು ಅವನು ಕೇಳಿದ್ದರೆ ಯಾವ ಉಪಮೆ ಹುಡುಕುತ್ತಿದ್ದನೋ!

ಅಂತೂ ‘ಇಷ್ಟ ಏನ್ರಿ?’ ಎಂಬ ಪ್ರಶ್ನೆ ಬಹಳ ದಿನ ನನ್ನನ್ನು ಕಾಡಿದೆ. ಈ ಊರು ರಾಜಧಾನಿಯಾಗಿ ಮೆರೆದುದಲ್ಲ. ಕಡಲಿಲ್ಲ, ಹೊಳೆಯಿಲ್ಲ. ಸುತ್ತ ಎರೆಯ ಹೊಲ, ದಕ್ಷಿಣಕ್ಕೆ ಕಪ್ಪತಗುಡ್ಡದ ಸಾಲು, ವರ್ಷದ ಬಹುಭಾಗ ಬೀಸುವ ಗಾಳಿ. ಹಾಗಿದ್ದೂ ಇದು ಊರಾಗಿ ಉಳಿದುದು ಯಾವುದರ ಬಲದಿಂದ? ನನಗೆ ಹೊಳೆದ ಉತ್ತರ ಒಂದು ಚಿಕ್ಕ ಶಬ್ದದಲ್ಲಿದೆ. ಅದು ‘ಪತ್ತು’.

ನಮ್ಮ ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಓಣಿಗೊಂದು ‘ಪತ್ತಿನ ಸಹಕಾರಿ ಸಂಘ’ದ ಫಲಕ ನೇತಾಡುತ್ತಿರುತ್ತದೆ. ಪತ್ತು ಎಂದರೆ ಸಾಲವಲ್ಲ. ಸಾಲ ಹುಟ್ಟುವಂಥ ನಂಬಿಕೆ. ‘ಅವಂದು ಬಾಜಾರದಾಗ ಪತ್ತೈತಿ’ ಎಂದರೆ ಕೈಯಲ್ಲಿ ಕಾಸಿಲ್ಲದಿದ್ದರೂ ಅಂಗಡಿಯವನು ಅವನಿಗೆ ಜೋಳದ ಚೀಲ ಹೊರಿಸಿ ಕಳಿಸುತ್ತಾನೆ ಎಂದು ಅರ್ಥ. ಶಬ್ದ ನಮಗೆ ಮರಾಠಿಯ ಕಡೆಯಿಂದ ಬಂದುದು. ಹಳಗನ್ನಡದಲ್ಲಿಯೂ ಒಂದು ‘ಪತ್ತು’ ಇದೆ: ಅಂಟು, ಹತ್ತಿಕೊಳ್ಳು ಎಂದು ಅದರ ಅರ್ಥ. ಇವೆರಡಕ್ಕೂ ರಕ್ತಸಂಬಂಧವಿಲ್ಲವೆಂದು ವ್ಯಾಕರಣದ ಮೇಷ್ಟ್ರಾಗಿ ನಾನು ಹೇಳಲೇಬೇಕು. ಆದರೆ ಒಂದೇ ಓಣಿಯಲ್ಲಿ ಒಂದೇ ಹೆಸರಿನ ಇಬ್ಬರು ಬಹುಕಾಲ ಬಾಳಿದರೆ ಸಂಬಂಧ ತಾನಾಗಿ ಬೆಳೆಯುತ್ತದೆ. ಮನುಷ್ಯ ಮನುಷ್ಯನಿಗೆ ಅಂಟಿಕೊಳ್ಳುವುದೂ ನಂಬಿಕೆಯಿಂದಲೇ ಅಲ್ಲವೆ?

ಮೊದಲು ಕಲ್ಲಿನ ಸಾಕ್ಷಿಯನ್ನು ಕೇಳೋಣ. ತ್ರಿಕೂಟೇಶ್ವರನ ಗುಡಿಯಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗಗಳು. ಬ್ರಹ್ಮ, ವಿಷ್ಣು, ಮಹೇಶ್ವರರೆಂದು ಜನರ ನಂಬಿಕೆ. ಪಕ್ಕದ ಸರಸ್ವತಿಯ ಗುಡಿಯ ಕಂಬಗಳನ್ನು ಕಲ್ಲಿನವೆಂದು ಹೇಳಿದರೆ ಸಾಲದು, ಮುಟ್ಟಿ ನೋಡಬೇಕು. ಹನ್ನೆರಡನೆಯ ಶತಮಾನ ಮುಗಿಯುತ್ತ ಬಂದಾಗ ಈ ಸೀಮೆಗಾಗಿ ದೇವಗಿರಿಯ ಯಾದವರಿಗೂ ದೋರಸಮುದ್ರದ ಹೊಯ್ಸಳರಿಗೂ ದೊಡ್ಡ ಕಾಳಗ. 1191ರಲ್ಲಿ ಯಾದವ ಭಿಲ್ಲಮ ಈ ದೇವರಿಗೆ ದತ್ತಿ ಕೊಟ್ಟ. ಮರುವರ್ಷ ವೀರಬಲ್ಲಾಳ ಈ ನೆಲವನ್ನು ಗೆದ್ದು ಅದೇ ದೇವರಿಗೆ ತಾನೂ ದತ್ತಿ ಕೊಟ್ಟ. ಗುಡಿಯ ಆಚಾರ್ಯರಾದ ಚಂದ್ರಭೂಷಣ ಪಂಡಿತದೇವರು ಮಾತ್ರ ಬದಲಾಗಲಿಲ್ಲ. ಅವರಿಗೆ ಸತ್ಯವಾಕ್ಯರೆಂಬ ಇನ್ನೊಂದು ಹೆಸರಿತ್ತು. ಗೆದ್ದವನೂ ಸೋತವನೂ ಒಬ್ಬನೇ ಮನುಷ್ಯನನ್ನು ನಂಬಿ ಭೂಮಿಯನ್ನು ಒಪ್ಪಿಸಿದರು. ಇತಿಹಾಸದ ಪುಸ್ತಕಗಳು ಭಿಲ್ಲಮ-ಬಲ್ಲಾಳರ ಕಾಳಗಕ್ಕೆ ಪುಟ ಕೊಡುತ್ತವೆ. ಊರಿನ ಲೆಕ್ಕದಲ್ಲಿ ದೊಡ್ಡ ಸಂಗತಿ ಆ ಆಚಾರ್ಯರ ಪತ್ತು.

ಅಲ್ಲಿಂದ ವೀರನಾರಾಯಣನ ಗುಡಿಗೆ ನಡೆದೇ ಹೋಗಬಹುದು. ಕೋಳಿವಾಡದ ನಾರಣಪ್ಪ ಬಂದು ಕುಳಿತದ್ದು ಇಲ್ಲಿ. ಅವನು ಒರಗಿ ಕುಳಿತ ಕಂಬವನ್ನು ಅರ್ಚಕರು ಇಂದಿಗೂ ತೋರಿಸುತ್ತಾರೆ. ಮಿಂದು ಒದ್ದೆ ಬಟ್ಟೆಯಲ್ಲಿ ಬಂದು, ಬಟ್ಟೆ ಆರುವ ತನಕ ಬರೆದು, ಆರಿತೆಂದರೆ ಲೇಖನಿ ಕೆಳಗಿಡುತ್ತಿದ್ದನೆಂದು ಕತೆ. ಗದುಗಿನ ಗಾಳಿಯಲ್ಲಿ ಒದ್ದೆ ಬಟ್ಟೆ ಎಷ್ಟು ಹೊತ್ತು ಒದ್ದೆಯಾಗಿರುತ್ತದೆಂದು ಬಲ್ಲ ನನಗೆ ಇದು ಪ್ರತಿಸಲವೂ ಸೋಜಿಗ. ಹತ್ತು ಪರ್ವಗಳ ಭಾರತ ಮುಗಿಯಬೇಕಾದರೆ ಎಷ್ಟು ಮೀಹಗಳಾಗಬೇಕು! ಕತೆಯಿರಲಿ. ಆ ಕವಿ ತನ್ನ ಕಾವ್ಯದ ಹಕ್ಕನ್ನು ಹಂಚಿದ ರೀತಿಯನ್ನು ನೋಡಿ. ವೀರನಾರಾಯಣನೇ ಕವಿ, ತಾನು ಬರೆದುಕೊಂಡವನು ಎಂದುಬಿಟ್ಟ. ಎಲ್ಲ ಜಮೆಯೂ ದೇವರ ಖಾತೆಗೆ. ತನಗೆ ಉಳಿಸಿಕೊಂಡದ್ದು ಬರೆಯುವ ಶ್ರಮವೊಂದನ್ನೇ. ಕೇಳಿದ ಜನ ಏನು ಮಾಡಿದರು? ಕೋಳಿವಾಡದವನನ್ನು ‘ಗದುಗಿನ ನಾರಣಪ್ಪ’ ಎಂದು ಕರೆದರು. ಕೊಟ್ಟವನಿಗೆ ಊರು ತನ್ನ ಹೆಸರನ್ನೇ ಮರಳಿ ಕೊಟ್ಟಿತು. ಅಕ್ಷರ ಬಾರದ ಹಿರಿಯರು ಗಮಕಿಯ ಮುಂದೆ ಕುಳಿತು ಶತಶತಮಾನ ಅದನ್ನು ಕೇಳಿದರು. ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಪತ್ತಿನ ಕವಿ ನನಗೆ ಗೊತ್ತಿಲ್ಲ.

ಇನ್ನು ಹಣದ ಪತ್ತಿನ ಮಾತು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರ ಮೇ 8ರಂದು ಒಂದು ಸಂಘ ನೋಂದಣಿಯಾಯಿತು. ಭಾರತದ ಮೊಟ್ಟಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಅದು. ಕಟ್ಟಿದವರು ಅದೇ ಊರಿನ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಜರ್ಮನಿಯ ಹಳ್ಳಿಗಳಲ್ಲಿ ರೈಫೈಸೆನ್ ಎಂಬ ಮಹನೀಯ ಹತ್ತೊಂಬತ್ತನೆಯ ಶತಮಾನದಲ್ಲಿ ತೋರಿಸಿಕೊಟ್ಟ ದಾರಿಯನ್ನು ನೋಡಿ ಇಂಗ್ಲೀಷ್ ಸರಕಾರ 1904ರಲ್ಲಿ ಕಾಯದೆ ಮಾಡಿತ್ತು. ಆ ಕಾಯದೆಯ ಒಂದು ಅಂಶ ಇಂದಿನವರನ್ನು ಬೆಚ್ಚಿಬೀಳಿಸೀತು. ಹಳ್ಳಿಯ ಸಂಘದ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬನ ಸಾಲ ಮುಳುಗಿದರೆ ಉಳಿದವರೆಲ್ಲ ತಮ್ಮ ಹೊಲಮನೆಯಿಂದ ತುಂಬಿಕೊಡಬೇಕು. ಎಂದರೆ, ಸದಸ್ಯನಾಗುವ ಮೊದಲು ಪಕ್ಕದ ಹೊಲದವನ ಗುಣವನ್ನು ತೂಗಿ ನೋಡಬೇಕು. ಒಮ್ಮೆ ಆದಮೇಲೆ ಅವನ ಬೆಳೆಯ ಚಿಂತೆಯೂ ನನ್ನದೇ. ಮಳೆಯನ್ನು ನಂಬಿ ಹತ್ತಿ ಬಿತ್ತುವ ಸೀಮೆಯಲ್ಲಿ ಇಂಥ ಕರಾರಿಗೆ ಹೆಬ್ಬೆಟ್ಟು ಒತ್ತಲು ಎಷ್ಟು ಎದೆಗಾರಿಕೆ ಬೇಕಾಗಿರಲಿಕ್ಕಿಲ್ಲ! ಸಾಹುಕಾರನ ಬಡ್ಡಿಯ ಹೆದರಿಕೆಗಿಂತ ನೆರೆಯವನ ಮೇಲಿನ ನಂಬಿಕೆ ತುಸು ದೊಡ್ಡದಾದ ದಿನ ಆ ಸಂಘ ಹುಟ್ಟಿತು.

ಪತ್ತಿಗೆ ಇನ್ನೂ ಒಂದು ಮುಖವಿದೆ: ತೀರಿಸಲಾರದವನಿಗೆ ಕೊಡುವುದು. ಹಾನಗಲ್ಲ ಸೀಮೆಯಲ್ಲಿ ಹುಟ್ಟಿದ ಅಂಧ ಗಾಯಕರು ಪಂಚಾಕ್ಷರಿ ಗವಾಯಿಗಳು. ಕಣ್ಣಿಲ್ಲದ ಮಕ್ಕಳನ್ನೂ ಬಡ ಮಕ್ಕಳನ್ನೂ ಕಟ್ಟಿಕೊಂಡು ಊರೂರು ತಿರುಗಿ, ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯರಾದ ಪುಟ್ಟರಾಜ ಗವಾಯಿಗಳು, ಅವರೂ ಅಂಧರೇ, ಅರವತ್ತಾರು ವರ್ಷ ಆ ಮನೆಯನ್ನು ನಡೆಸಿದರು. ಮಕ್ಕಳ ಹೊಟ್ಟೆ ತುಂಬಿಸಲು ನಾಟಕದ ಕಂಪನಿ ಕಟ್ಟಿದರು, ಜೋಳಿಗೆ ಹಿಡಿದರು, ಭಕ್ತರು ನಡೆಸಿದ ತುಲಾಭಾರಗಳಲ್ಲಿ ಕುಳಿತರು. ತೂಗಿಬಂದ ನಾಣ್ಯ ಆಶ್ರಮದ ಒಲೆಗೆ ಹೋಯಿತು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು; ಅದೇ ವರ್ಷ ಸಪ್ಟಂಬರದಲ್ಲಿ ಅವರು ಹೋದರು. ಆ ದಿನ ಊರಿಗೆ ಬಂದ ಜನದಲ್ಲಿ ದಾರಿ ತಿಳಿಯಲು ಇನ್ನೊಬ್ಬರ ಹೆಗಲು ಹಿಡಿದು ನಡೆದವರು ಎಷ್ಟೋ ಮಂದಿ. ಇಂದಿಗೂ ಆಶ್ರಮದ ಸುತ್ತಲಿನ ಹಾದಿಯಲ್ಲಿ ಬೆಳಿಗ್ಗೆ ಹೋದರೆ ಹಾರ್ಮೋನಿಯಮ್ಮಿನ ಸ್ವರ, ತಬಲೆಯ ಪೆಟ್ಟು ಕೇಳುತ್ತವೆ. ಊರು ಆ ಮಕ್ಕಳಿಗೆ ರೊಟ್ಟಿ ಕೊಟ್ಟಿತು; ಅವರು ನಾಡಿನ ಊರೂರಿಗೆ ಸಂಗೀತದ ಮಾಸ್ತರರಾಗಿ ಹೋಗಿ ಅದನ್ನು ತೀರಿಸಿದರು. ಯಾರೂ ಚೀಟಿ ಬರೆಸಿಕೊಂಡಿರಲಿಲ್ಲ.

ನಂಬಿಕೆಯನ್ನು ಬಂಗಾರದಲ್ಲಿಯೇ ನೋಡಬೇಕೆಂಬ ಅತಿಥಿಗಳು ಹೋಳಿಯ ಹೊತ್ತಿಗೆ ಬರಬೇಕು. ಕಿಲ್ಲಾ ಓಣಿಯಲ್ಲಿ ರತಿ-ಕಾಮಣ್ಣರನ್ನು ಕೂಡಿಸುತ್ತಾರೆ. ಊರಿನ ಜನ ತಮ್ಮ ತಮ್ಮ ಮನೆಯ ಒಡವೆಗಳನ್ನು ತಂದು ಆ ಮೂರ್ತಿಗಳಿಗೆ ತೊಡಿಸುತ್ತಾರೆ. ಸರ, ಪಾಟಲಿ, ಬಿಲ್ವಾರ, ಟಿಕ್ಕಿಗಳ ಭಾರದಲ್ಲಿ ರತಿದೇವಿಯ ಕೊರಳು ಕಾಣಿಸುವುದಿಲ್ಲ. ಹಬ್ಬ ಮುಗಿದ ಮೇಲೆ ಅವರವರ ಒಡವೆ ಅವರವರ ಮನೆಗೆ. ಶಿವನ ಕಣ್ಣಿಗೆ ಸುಟ್ಟುಹೋದವನು ಕಾಮ. ಅವನ ಮೈಮೇಲೆ ಊರಿನ ಹೆಂಗಸರು ತಮ್ಮ ಕೂಡಿಟ್ಟ ಬದುಕನ್ನೇ ಇಡುತ್ತಾರೆ. ಹಾಗೆ ಇಟ್ಟ ಒಡವೆ ಮನೆಗೆ ಮರಳಿದಾಗ ಅದರ ತೂಕ ಹೆಚ್ಚಾಗಿರುತ್ತದೆಂದು ನಮ್ಮ ಆಯಿ ಹೇಳುತ್ತಿದ್ದಳು. ನಾವು ಹುಡುಗರು ತಕ್ಕಡಿಯ ಮಾತೆಂದು ತಿಳಿದಿದ್ದೆವು.

ಆಯಿಗೆ ಇದ್ದದ್ದು ಒಂದೇ ಒಂದು ಬೋರಮಾಳ ಸರ. ತವರಿನವರು ಹಾಕಿದ್ದು. ವರ್ಷದಲ್ಲಿ ಮುನ್ನೂರರವತ್ತು ದಿನ ಅದು ಜೋಳದ ಕಣಜದ ಕೆಳಗೆ ತಗಡಿನ ಡಬ್ಬಿಯಲ್ಲಿ ಇರುತ್ತಿತ್ತು. ಅವಳ ಕೊರಳಿಗಿಂತ ಕಾಮಣ್ಣನ ಕೊರಳನ್ನೇ ಅದು ಹೆಚ್ಚು ಕಂಡಿತ್ತೇನೊ! ಒಂದು ಬರಗಾಲದ ವರ್ಷ ಅಜ್ಜ ಅದನ್ನು ಮಾರುವ ಮಾತು ತೆಗೆದನಂತೆ. ಆಯಿ, ‘ಹೋಳಿ ಆಗಲಿ, ಆಮ್ಯಾಲೆ ನೋಡೂಣು’ ಎಂದಳಂತೆ. ಹೋಳಿ ಆಯಿತು; ಸರ ಮನೆಗೆ ಬಂತು; ಅಷ್ಟರಲ್ಲಿ ಅಜ್ಜ ಪತ್ತಿನ ಸಂಘದಲ್ಲಿ ನೆರೆಯವರಿಬ್ಬರ ಜಾಮೀನಿನ ಮೇಲೆ ಬೀಜಕ್ಕೆ ಸಾಲ ಎತ್ತಿದ್ದ. ಆಯಿಯಿಂದ ಅದು ಅವ್ವನಿಗೆ ಬಂತು. ಅವ್ವನೂ ಆ ಪದ್ಧತಿಯನ್ನು ಬಿಡಲಿಲ್ಲ.

ಇಷ್ಟನ್ನೆಲ್ಲ ಓದಿ ಯಾರಾದರೂ, ಇದೇನು ಮಹಾ, ಎಲ್ಲ ಸಣ್ಣ ಊರುಗಳ ಕತೆಯೂ ಇದೇ ಅಲ್ಲವೆ ಎಂದಾರು. ನನಗೂ ಬೇಕಾದದ್ದು ಅದೇ ಮಾತು. ಹಾಲಂಡಿನಲ್ಲಿ ಡೆಲ್ಫ್ಟ್ ಎಂಬ ಪುಟ್ಟ ನಗರವಿದೆ. 1632ರಲ್ಲಿ ಕೆಲವೇ ದಿನಗಳ ಅಂತರದಲ್ಲಿ ಅಲ್ಲಿ ಎರಡು ಕೂಸುಗಳಿಗೆ ನಾಮಕರಣವಾಯಿತು. ಒಂದು ಕೂಸು ಬೆಳೆದು ಬಟ್ಟೆಯ ವ್ಯಾಪಾರಿಯಾಯಿತು: ಲೀವೆನ್‌ಹುಕ್. ನೂಲಿನ ಎಳೆ ಪರೀಕ್ಷಿಸುವ ಬಟ್ಟೆಯಂಗಡಿಯಲ್ಲಿ ಪಳಗಿದ ಕಣ್ಣು ತಾನೇ ಉಜ್ಜಿದ ಪುಟ್ಟ ಗಾಜಿನ ಮೂಲಕ ಕೆರೆಯ ನೀರನ್ನೂ ನೋಡಿತು. ಅದುವರೆಗೆ ಯಾವ ಮನುಷ್ಯನೂ ಕಾಣದಿದ್ದ ಸೂಕ್ಷ್ಮ ಜೀವಿಗಳನ್ನು ಕಂಡಿತು. ಅವನಿಗೆ ಲ್ಯಾಟಿನ್ ಬರುತ್ತಿರಲಿಲ್ಲ, ಇಂಗ್ಲೀಷೂ ಇಲ್ಲ. ಲಂಡನ್ನಿನ ರಾಯಲ್ ಸೊಸೈಟಿಗೆ ತನ್ನ ಊರಿನ ಡಚ್ಚಿನಲ್ಲಿಯೇ ಕಾಗದ ಬರೆದ; ಅವರು ಅನುವಾದ ಮಾಡಿಸಿ ಓದಿಕೊಂಡರು. ತಾಯ್ನುಡಿಯ ಮೇಷ್ಟ್ರಾದ ನನಗೆ ಈ ಸಂಗತಿ ಎಷ್ಟು ಸಲ ಹೇಳಿದರೂ ಬೇಸರವಿಲ್ಲ.

ಇನ್ನೊಂದು ಕೂಸು ಚಿತ್ರಕಾರನಾಯಿತು: ವರ್ಮೀರ್. ಇಂದು ಅವನ ಚಿತ್ರಕ್ಕೆ ಬೆಲೆ ಕಟ್ಟುವವರಿಲ್ಲ. 1675ರಲ್ಲಿ ಅವನು ಸತ್ತಾಗ ಮನೆಯ ತುಂಬ ಮಕ್ಕಳು, ಮೈತುಂಬ ಸಾಲ. ಊರಿನ ರೊಟ್ಟಿಯಂಗಡಿಯವನಿಗೆ ಆರುನೂರಕ್ಕೂ ಹೆಚ್ಚು ಗಿಲ್ಡರ್ ಬಾಕಿ. ವಿಧವೆ ಎರಡು ಚಿತ್ರಗಳನ್ನು ಅವನಲ್ಲಿ ಒತ್ತೆಯಿಟ್ಟಳು; ಹಣ ತೀರಿಸಿದರೆ ಚಿತ್ರ ಮರಳಿಸಬೇಕೆಂದು ಕರಾರು. ಅವನ ಆಸ್ತಿ-ಸಾಲಗಳ ಲೆಕ್ಕ ನೋಡಲು ನೇಮಕವಾದವನು ಅದೇ ಲೀವೆನ್‌ಹುಕ್. ಲೋಕದ ಇತಿಹಾಸ ಆ ಇಬ್ಬರ ಹೆಸರನ್ನು ಬರೆದುಕೊಂಡಿದೆ. ನನ್ನ ಮನಸ್ಸು ಮಾತ್ರ ರೊಟ್ಟಿಯಂಗಡಿಯವನ ಕಡೆಗೆ ಹರಿಯುತ್ತದೆ. ವರ್ಷಗಟ್ಟಲೆ ಆ ಮನೆಗೆ ಅವನು ರೊಟ್ಟಿ ಕಳಿಸಿದ. ಸಣ್ಣ ಊರು ಎಂದರೆ ಅದು. ಅಲ್ಲಿ ಪ್ರತಿಭೆ ಹುಟ್ಟುತ್ತದೆಂಬುದು ದೊಡ್ಡ ಮಾತಲ್ಲ, ಎಲ್ಲಿಯೂ ಹುಟ್ಟೀತು. ಅದು ಬೆಳೆಯುವ ತನಕ ಉದ್ರಿಯಲ್ಲಿ ರೊಟ್ಟಿ ಕೊಡುವವರು ಅಲ್ಲಿರುತ್ತಾರೆ.

ಗದುಗಿನಲ್ಲಿಯೂ ಅಂಥವರು ಇದ್ದರು. ಭೀಮಸೇನ ಜೋಶಿಯವರು ಬಾಲ್ಯ ಕಳೆದದ್ದು ಈ ಓಣಿಗಳಲ್ಲಿ; ಹಾಡಿನ ಹುಚ್ಚು ಹತ್ತಿ ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು ಹೋದದ್ದೂ ಇಲ್ಲಿಂದಲೇ. ಸುನೀಲ ಜೋಶಿ ಎಂಬ ಹುಡುಗ ಚೆಂಡು ಎಸೆಯುವುದನ್ನು ಕಲಿಯಲು ನಸುಕಿನ ರೈಲಿಗೆ ಹುಬ್ಬಳ್ಳಿಗೆ ಹೋಗಿ ಶಾಲೆಯ ಹೊತ್ತಿಗೆ ಮರಳುತ್ತಿದ್ದ. ಮುಂದೆ ಭಾರತಕ್ಕಾಗಿ ಆಡಿದ. ತಾಲೂಕಿನ ಹೊಂಬಳದಲ್ಲಿ ಹುಟ್ಟಿದ ಕಣವಿಯವರು ಧಾರವಾಡದ ಕವಿಗಳಾದರು. ಬೆಳೆದವರೆಲ್ಲ ಹೋದವರೇ. ಇದನ್ನು ದೂರೆಂದು ಹೇಳುತ್ತಿಲ್ಲ, ಲೆಕ್ಕವೆಂದು ಹೇಳುತ್ತಿದ್ದೇನೆ.

ಆದರೆ ಲೆಕ್ಕ ಒಮ್ಮೊಮ್ಮೆ ಎದೆಗೆ ನಾಟುತ್ತದೆ. ನನ್ನ ತರಗತಿಗೆ ಬೆಟಗೇರಿಯಿಂದ ಬರುವ ಒಬ್ಬ ಹುಡುಗನಿದ್ದ. ನೇಕಾರರ ಮನೆಯವನು. ಷಟ್ಪದಿಯ ಮಾತ್ರೆ ಎಣಿಸುವಾಗ ಉಳಿದವರು ಬೆರಳು ಮಡಿಚುತ್ತಿದ್ದರೆ ಅವನು ಮೇಜಿನ ಮೇಲೆ ಅಂಗೈಯಿಂದ ತಾಳ ಹಾಕಿ ತಪ್ಪಿಲ್ಲದೆ ಹೇಳುತ್ತಿದ್ದ. ಹೇಗೆ ಬಂತೆಂದು ಕೇಳಿದರೆ, ‘ಮಗ್ಗದ ಸಪ್ಪಳ ಕೇಳಿ ಬೆಳದೇನ್ರಿ ಸರ, ಒಂದು ಏಟು ತಪ್ಪಿದರ ನಮ್ಮಪ್ಪಗ ನಿದ್ದ್ಯಾಗೂ ಗೊತ್ತಾಗತಿತ್ತು’ ಎಂದ. ಈಗ ಅವನು ಪುಣೆಯ ಯಾವುದೋ ಗೋದಾಮಿನಲ್ಲಿ ಡಬ್ಬಿಗಳನ್ನು ಎಣಿಸುತ್ತಾನೆ. ಅಪ್ಪ ಮಗ್ಗ ಮಾರಿದ. ಬೆಟಗೇರಿಯ ಓಣಿಗಳಲ್ಲಿ ಮೊದಲು ಆ ಸಪ್ಪಳದ ನಡುವೆ ಕೂಗಿ ಮಾತಾಡಬೇಕಾಗಿತ್ತು. ಈಗ ಪಿಸುಮಾತೂ ಕೇಳಿಸುತ್ತದೆ. ಭಾಮಿನಿಯ ನಡೆಯನ್ನು ಕಿವಿಯಲ್ಲಿ ಹೊತ್ತ ಹುಡುಗನಿಗೆ ಊರು ಪತ್ತು ಕೊಡಲಾರದೆ ಹೋದರೆ, ಊರಿನ ಪತ್ತೇ ಕಡಿಮೆಯಾಗುತ್ತಿದೆ ಎಂದಲ್ಲವೆ?

ಪೂರ್ತಿ ಹೋಗಿಲ್ಲ ಎಂಬುದಕ್ಕೂ ಸಾಕ್ಷಿಯಿದೆ. 2011ರಲ್ಲಿ ಹಳ್ಳಿಗುಡಿಯ ಸುತ್ತಿನ ಎರೆಭೂಮಿಯನ್ನು ಉಕ್ಕಿನ ಕಾರ್ಖಾನೆಗೆ ಕೊಡುವ ಮಾತು ಬಂದಾಗ, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ರೈತರ ಜೊತೆಗೆ ನಿಂತರು. ಯೋಜನೆ ಹಿಂದಕ್ಕೆ ಹೋಯಿತು. ಔಷಧಿಯ ಗಿಡಗಳ ಕಪ್ಪತಗುಡ್ಡಕ್ಕಾಗಿಯೂ ಊರು ಬೀದಿಗೆ ಬಂತು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಸ್ವಾಮಿಗಳು 2018ರಲ್ಲಿಯೇ ಕಣ್ಮರೆಯಾಗಿದ್ದರು. ಕಾರ್ಖಾನೆ ಬಂದಿದ್ದರೆ ನನ್ನ ಹುಡುಗನಿಗೆ ಕೆಲಸ ಸಿಕ್ಕುತ್ತಿತ್ತೇನೋ ಎಂದು ವಾದಿಸುವವರೂ ಉಂಟು. ಆ ವಾದವನ್ನು ನಾನು ನಗೆಯಲ್ಲಿ ತೇಲಿಸಲಾರೆ. ಆದರೆ ಮಣ್ಣು ಒಮ್ಮೆ ಕೈಬಿಟ್ಟರೆ ಹೋಳಿಯ ಮರುದಿನ ಮರಳಿ ಬರುವಂಥದಲ್ಲ.

ಹೋದ ವರ್ಷ ನನ್ನ ಮಗಳಿಗೆ ಬೆಂಗಳೂರಿನಲ್ಲಿ ಓದಲು ಜಾಗ ಸಿಕ್ಕಿತು. ಫೀ, ವಸತಿ ಎಂದು ಲೆಕ್ಕ ಹಾಕುತ್ತ ಕುಳಿತಿದ್ದೆ. ಅವ್ವ ಒಳಗೆ ಹೋಗಿ ತಗಡಿನ ಡಬ್ಬಿ ತಂದು ಮುಂದಿಟ್ಟಳು. ‘ಮಾರಬ್ಯಾಡ, ಒತ್ತಿ ಇಡು’ ಎಂದಳು. ಪತ್ತಿನ ಸಂಘದ ಮೇಜಿನ ಮೇಲೆ ಅದನ್ನು ತಕ್ಕಡಿಗೆ ಹಾಕಿದಾಗ, ಆಯಿ ಹೇಳಿದ ತೂಕ ಅದರಲ್ಲಿ ಕಾಣಿಸಲಿಲ್ಲ. ಗುಮಾಸ್ತ ಗ್ರಾಮು ಮಿಲಿಗ್ರಾಮುಗಳನ್ನಷ್ಟೇ ಬರೆದುಕೊಂಡ. ಈ ವರ್ಷದ ಹೋಳಿಗೆ ನಮ್ಮ ಮನೆಯಿಂದ ಕಾಮಣ್ಣನಿಗೆ ಏನೂ ಹೋಗಲಿಲ್ಲ. ಅವ್ವ ಆ ದಿನ ಮನೆಯಲ್ಲಿಯೇ ಉಳಿದಳು. ಸಂಜೆ ಮಗಳು ಫೋನು ಮಾಡಿ, ‘ಅಮ್ಮಾ, ನಾ ಪಗಾರ ತಗೊಳ್ಳಾಕ ಹತ್ತಿದ ಮ್ಯಾಲೆ ಮೊದಲ ಅದನ್ನ ಬಿಡಿಸಿ ಕೊಡ್ತೀನಿ’ ಎಂದು ಅಜ್ಜಿಗೆ ಹೇಳಿದಳು. ಅವ್ವ ನಕ್ಕು, ‘ಬಿಡಿಸೂದು ನಿಮ್ಮಪ್ಪ ಬಿಡಿಸ್ತಾನ. ನೀ ಬಂದು ಒಯ್ದು ಹಾಕಿ ಬಾ ಸಾಕು’ ಎಂದಳು.

ಆ ಮಾತಿನ ಮುಂದೆ ನನ್ನ ಪಾಂಡಿತ್ಯವೆಲ್ಲ ಸುಮ್ಮನಾಯಿತು. ಸಣ್ಣ ಊರುಗಳು ದೊಡ್ಡ ಊರುಗಳಿಗೆ ತಮ್ಮ ಮಕ್ಕಳನ್ನು ಕಳಿಸುವುದು ಒಡವೆ ತೊಡಿಸಿದಂತೆಯೇ. ಕಾಮಣ್ಣನ ಪತ್ತು ದೊಡ್ಡದು, ಹಬ್ಬ ಮುಗಿದೊಡನೆ ಮರಳಿಸುತ್ತಾನೆ. ಬೆಂಗಳೂರು, ಪುಣೆಗಳಿಗೆ ಆ ಪದ್ಧತಿಯಿಲ್ಲ. ಆದರೂ ಊರು ಕೊಡುತ್ತಲೇ ಇದೆ. ಕಣಗಿನಹಾಳದವರಂತೆ ಮಿತಿಯಿಲ್ಲದ ಹೊಣೆ ಹೊತ್ತು ಕೊಡುತ್ತಿದೆ. ಮುಂದಿನ ಹೋಳಿಗೆ ಇನ್ನೂ ತಿಂಗಳುಗಳಿವೆ. ಸಂಘದ ಕಂತು ತಿಂಗಳಿಗೊಮ್ಮೆ ತುಂಬುತ್ತಿದ್ದೇನೆ. ಯಾರಾದರೂ ಅತಿಥಿಗಳು ಆ ಹೊತ್ತಿಗೆ ಬಂದು ‘ಇಷ್ಟ ಏನ್ರಿ?’ ಎಂದು ಕೇಳಿದರೆ, ಅವರನ್ನು ಲಕ್ಕುಂಡಿಗೆ ಆಮೇಲೆ ಕಳಿಸುತ್ತೇನೆ. ಮೊದಲು ಕಿಲ್ಲಾ ಓಣಿಗೆ ಕರೆದೊಯ್ಯುತ್ತೇನೆ.